ಅಂಟಿಕೊಂಡುಬಿಟ್ಟ ನವೆಂಬರ್

ತಟ್ ತಟ್ ತಟ್ ಎಂದು ಒಂದೇ ಸಮನೆ ಕೇಳುತ್ತಿದ್ದ ರೊಟ್ಟಿ ಬಡಿಯುವ ಸದ್ದು ಇದ್ದಕ್ಕಿದ್ದಂತೆ ನಿಂತುಹೋಯಿತು.

ಹಾಸಿಗೆ ಮಡಿಸುತ್ತಿದ್ದ ಉಮಾಶ್ರೀ ತಲೆ ಎತ್ತಿದಳು. ಅಡುಗೆಮನೆಯಲ್ಲಿ ಹಂಚು ಕಾಯುತ್ತಲೇ ಇತ್ತು. ಅರ್ಧ ಬಡಿದ ರೊಟ್ಟಿ ಹಾಗೇ ಬಿದ್ದಿತ್ತು. ಅವ್ವ ಮಾತ್ರ ಹಿಟ್ಟಿನ ಕೈಯಲ್ಲೇ ಕುರ್ಚಿ ಹತ್ತಿ, ಕಪಾಟಿನ ಮೇಲೆ ಇಣುಕುತ್ತಿದ್ದಳು.

"ಉಮಾ, ಇಲ್ಲಿ ಸುತ್ತಿ ಇಟ್ಟಿದ್ದ ಕ್ಯಾಲೆಂಡರ್ ಹಾಳಿ ಎಲ್ಲಿ? ಎರಡ ಅದಾವ!"

"ಬುಕ್ಕಿಗೆ ಬೈಂಡ್ ಹಾಕಿದೆ" ಎಂದಳು ಉಮಾ.

ಅವ್ವ ಕುರ್ಚಿಯ ಮೇಲೇ ಕುಸಿದು ಕುಳಿತಳು.

ಅದು ಹೋದ ವರ್ಷದ ಕ್ಯಾಲೆಂಡರ್. ತಿಂಗಳಿಗೊಂದು ಹಕ್ಕಿಯ ಚಿತ್ರ, ಹಿಂದೆ ಬೆಳ್ಳಗೆ ಖಾಲಿ. ಆ ಖಾಲಿ ಬದಿಯಲ್ಲಿ ಅವ್ವ ಹದಿನೈದು ದಿನ ಕುಳಿತು ಏನೇನೋ ಬರೆದಿದ್ದಳು. ಅದು ಉಮಾಗೂ ಗೊತ್ತಿತ್ತು. ಗೊತ್ತಿದ್ದೇ ಬೈಂಡ್ ಹಾಕಿದ್ದಳು.

"ನೀನ ಹೇಳಿದ್ಯಲ್ಲ ಅವ್ವ! ಹಾಳಿ ಎರಡೂ ಬದಿ ತುಂಬಿದ ಮ್ಯಾಲೆ ಬೈಂಡ್ ಹಾಕಾಕ ತೊಗೊ ಅಂತ. ಇವುಕ್ಕ ಒಂದು ಬದಿ ಹಕ್ಕಿ ಇತ್ತು, ಒಂದು ಬದಿ ನಿನ್ನ ಅಕ್ಷರ ಇತ್ತು. ಎರಡೂ ಬದಿ ತುಂಬಿತ್ತು!"

ಪೇಪರ್ ಓದುತ್ತಿದ್ದ ಅಪ್ಪ ಪೇಪರಿನ ಹಿಂದೆಯೇ ನಕ್ಕ. ಆ ಮನೆಯಲ್ಲಿ ಆ ಕಾನೂನು ಮಾಡಿದವಳು ಅವ್ವನೇ. ಲಗ್ನಪತ್ರಿಕೆಯ ಹಿಂದೆ ಸಾಮಾನಿನ ಪಟ್ಟಿ, ಬಸ್ ಟಿಕೆಟ್ಟಿನ ಹಿಂದೆ ಫೋನ್ ನಂಬರ್. ಒಂದು ಬದಿ ಖಾಲಿ ಇರುವ ಕಾಗದವನ್ನು ಎಸೆದರೆ ಅವ್ವ ಹೆಕ್ಕಿ ತಂದು ಮಡಿಸಿಡುತ್ತಿದ್ದಳು.

"ನಗಬ್ಯಾಡ್ರಿ" ಎಂದಳು ಅವ್ವ. "ಅದು ವರ್ಷದ ಪ್ಲ್ಯಾನ್. ನಾಳೆ ಹೆಡ್ ಮಿಸ್‌ಗೆ ತೋರಿಸಬೇಕು."

ಅಪ್ಪನ ನಗು ನಿಂತಿತು.

ಅವ್ವ ವಿಜಯಲಕ್ಷ್ಮಿ, ಉಮಾ ಓದುವ ಶಾಲೆಯಲ್ಲೇ ಟೀಚರ್. ಆದರೆ ಪೂರ್ತಿ ಟೀಚರ್ ಅಲ್ಲ. ಯಾರಾದರೂ ರಜೆ ಹಾಕಿದರೆ ಮಾತ್ರ ಅವ್ವನಿಗೆ ಕ್ಲಾಸು. ಗದಗ ಬಿಟ್ಟು ಬೆಂಗಳೂರಿನ ಬಿಟಿಎಂಗೆ ಬಂದ ಎರಡು ವರ್ಷದಿಂದ ಹಾಗೇ. ಈ ಸಲ ಹೆಡ್ ಮಿಸ್ ಪಾರ್ವತಮ್ಮ ಹೇಳಿದ್ದರು: "ನಾಲ್ಕನೇ ಕ್ಲಾಸಿಗೆ ನಮ್ಮ ರಾಜ್ಯದ ಇತಿಹಾಸ, ಪೌರನೀತಿ. ಜೂನ್‌ನಿಂದ ಮಾರ್ಚ್‌ವರೆಗೆ ಏನೇನು ಹೇಳಿಕೊಡ್ತೀರಿ, ಹೇಗೆ ಹೇಳಿಕೊಡ್ತೀರಿ, ಪ್ಲ್ಯಾನ್ ತನ್ನಿ. ಹಿಡಿಸಿದ್ರೆ ಆ ಕ್ಲಾಸು ನಿಮಗೇ."

ನಾಲ್ಕನೇ ಕ್ಲಾಸು ಅಂದರೆ ಉಮಾಳ ಕ್ಲಾಸು.

"ಉಳದಿದ್ದು ಯಾವ ಎರಡು ಹಾಳಿ?" ಅಪ್ಪ ಕೇಳಿದ.

"ಏಪ್ರಿಲ್, ಮೇ. ಸಾಲಿ ಸೂಟಿ ಇರೋ ತಿಂಗಳ ಅಷ್ಟ ಉಳದಾವ!"

ಈಗ ಅವ್ವನಿಗೂ ನಗು ಬಂತು. ನಗುತ್ತಲೇ ಕಣ್ಣು ಒರೆಸಿಕೊಂಡಳು. ಕೆನ್ನೆಗೆಲ್ಲ ಜೋಳದ ಹಿಟ್ಟು ಮೆತ್ತಿತು.

ಉಮಾ ತನ್ನ ಐದು ಪುಸ್ತಕಗಳ ಬೈಂಡ್ ಬಿಚ್ಚತೊಡಗಿದಳು. ಬಿಚ್ಚುತ್ತಾ ಬಿಚ್ಚುತ್ತಾ ಓದಿದಳು. ಜೂನ್‌ನ ಮಿಂಚುಳ್ಳಿಯ ಹಿಂದೆ 'ನಮ್ಮ ಬೀದಿ, ನಮ್ಮ ಊರು' ಎಂದಿತ್ತು. ಜುಲೈ ಗಿಳಿಯ ಹಿಂದೆ ಬನವಾಸಿಯ ಕದಂಬರು. ಆಗಸ್ಟ್‌ನ ಕೊಕ್ಕರೆಯ ಹಿಂದೆ ಬಾದಾಮಿ. ಪ್ರತಿ ಹಾಳೆಯ ಕೆಳಗೂ ಒಂದು ಚೌಕ. ಅದರ ಮೇಲೆ 'ಮಕ್ಕಳು ಕೇಳಬಹುದಾದ ಪ್ರಶ್ನೆ' ಎಂಬ ಹೆಸರು.

ಜೂನ್ ಚೌಕದಲ್ಲಿತ್ತು: ನಮ್ಮ ಬೀದಿಗೆ ಹೆಸರಿಲ್ಲ, ಬರೀ ನಂಬರ್ ಇದೆ, ಯಾಕೆ?

ಜುಲೈ: ರಾಜ ಬೆಳಿಗ್ಗೆ ಎದ್ದು ಏನು ತಿನ್ನುತ್ತಿದ್ದ?

ಆಗಸ್ಟ್: ಬಂಡೆಯ ಮೇಲೆ ಅಕ್ಷರ ತಪ್ಪಾಗಿ ಕೆತ್ತಿದರೆ ಅಳಿಸುವುದು ಹೇಗೆ?

ಉಮಾಳ ಕೈ ನಿಂತಿತು. ಈ ಪ್ರಶ್ನೆಗಳನ್ನು ಎಲ್ಲೋ ಕೇಳಿದ ಹಾಗಿತ್ತಲ್ಲ. ಎಲ್ಲೋ ಏನು, ಇವು ತನ್ನವೇ! ಬಟ್ಟೆ ಒಣಗಿಸುವಾಗ, ತಲೆ ಬಾಚಿಸಿಕೊಳ್ಳುವಾಗ, ನೀರು ಹಿಡಿಯುವಾಗ ತಾನು ಅವ್ವನನ್ನು ಪೀಡಿಸಿ ಕೇಳಿದ್ದವು. ಅವ್ವ ಆಗ "ಸುಮ್ಮನಿರು ಮಾರಾಯ್ತಿ" ಎಂದಿದ್ದಳು. ಆಮೇಲೆ ಒಂದೂ ಬಿಡದೆ ಬರೆದಿಟ್ಟುಕೊಂಡಿದ್ದಳು!

ಉಮಾ ಪ್ರಶ್ನೆ ಕೇಳುತ್ತಿದ್ದದ್ದು ಮನೆಯಲ್ಲಿ ಮಾತ್ರ. ಶಾಲೆಯಲ್ಲಿ ಒಂದೇ ಒಂದು ಸಲ ಕೇಳಿದ್ದಳು, ಮೂರನೇ ಕ್ಲಾಸಿನಲ್ಲಿ, "ಯಾಕ್ರೀ ಮಿಸ್?" ಎಂದು. ಅಷ್ಟಕ್ಕೇ ಒಂದು ವಾರ ಕ್ಲಾಸಿಗೆ ಕ್ಲಾಸೇ ಅದನ್ನು ಹಾಡಿತ್ತು. "ಬಾಲ್ ಹಾಕ್ರೀ! ಔಟ್ ರೀ! ಸಿಕ್ಸರ್ ರೀ!" ಅಂದಿನಿಂದ ಉಮಾ ಶಾಲೆಯಲ್ಲಿ ಪ್ರಶ್ನೆಗಳನ್ನು ಗುಳಿಗೆಯಂತೆ ನುಂಗಿಬಿಡುತ್ತಿದ್ದಳು.

"ಇನ್ನು ಐದು ಹಾಳಿ ಎಲ್ಲಿ?" ಅವ್ವ ಕೇಳಿದಳು.

"ಶುಭಾಗ ಎರಡು, ಆಶ್ರಿತ್‌ಗ ಎರಡು. ಚಕ್ರಪಾಣಿ ತಾತಗ ಒಂದು. ಬೈಂಡ್ ನಾನ ಚಂದ ಹಾಕ್ತೀನಂತ ಎಲ್ಲಾರೂ ನಿನ್ನೆ ಬಂದಿದ್ರು."

"ಲಗೂನ ಓಡು!"

ಎದುರು ಮನೆಯ ಶುಭಾ ನವಿಲಿನ ಬೈಂಡ್ ಹಾಕಿದ್ದ ಪುಸ್ತಕವನ್ನು ಎದೆಗೆ ಅವುಚಿಕೊಂಡಳು. "ಕೊಟ್ಟಿದ್ದು ವಾಪಸ್ ಕೇಳ್ತಾರೇನೇ? ನಾನು ಕೊಡಲ್ಲಪ್ಪ."

"ಬ್ರೌನ್ ಪೇಪರ್ ಬೈಂಡ್ ಹಾಕ್ಕೊಡ್ತೀನಿ. ಲೇಬಲ್ ಮೇಲೆ ಹೆಸರೂ ಬರ್ದುಕೊಡ್ತೀನಿ" ಎಂದಳು ಉಮಾ. ಶಾಲೆಯ ಮಕ್ಕಳ ಜೊತೆ ಅವಳದ್ದು ಬೆಂಗಳೂರಿನ ಮಾತು.

"ಸ್ಕೆಚ್ ಪೆನ್ನಲ್ಲಿ?"

"ಹೂಂ, ಎರಡು ಕಲರ್."

ಫೆಬ್ರವರಿ, ಮಾರ್ಚ್ ಸಿಕ್ಕವು.

ಕೆಳಗಿನ ಮನೆ ಓನರ್ ಚಕ್ರಪಾಣಿ ತಾತನದು. ಆಶ್ರಿತ್ ಅವರ ಮೊಮ್ಮಗ. ಅವನು ಗೂಬೆಯ ಚಿತ್ರವಿದ್ದ ಜನವರಿ, ಮರಕುಟಿಗದ ಡಿಸೆಂಬರ್ ಎರಡನ್ನೂ ಬೆನ್ನ ಹಿಂದೆ ಅಡಗಿಸಿಕೊಂಡ.

"ಕೊಡೋ" ಎಂದಳು ಉಮಾ.

"ಊಹೂಂ. 'ಕೊಡ್ರೀ' ಅನ್ನು."

ಉಮಾ ಪಡಸಾಲೆಯ ಕಡೆ ನೋಡಿದಳು. ತಾತ ಈಸಿಚೇರಿನಲ್ಲಿ ಕುಳಿತು ಏನೋ ಬರೆಯುತ್ತಿದ್ದರು. ಮೇಲೆ ಅವ್ವ ಕಾಯುತ್ತಿದ್ದಳು.

"ಕೊಡ್ರೀ" ಎಂದಳು ಮೆಲ್ಲಗೆ.

ಆಶ್ರಿತ್ ಹೊಟ್ಟೆ ಹಿಡಿದುಕೊಂಡು ನಕ್ಕು ಎರಡೂ ಪುಸ್ತಕ ಕೊಟ್ಟ. ತಾತ ಕನ್ನಡಕ ಮೇಲಕ್ಕೆ ತಳ್ಳಿದರು.

"ಏನಮ್ಮ ಉಮಾ, ಏನು ಬೇಕು?"

"ತಾತ, ನಿನ್ನೆ ನಿಮಗೆ ಒಂದು ಹಾಳೆ ಕೊಟ್ಟಿದ್ನಲ್ಲ, ಮಂಗಟ್ಟೆ ಹಕ್ಕಿದು... ಅದು ನವೆಂಬರ್. ಅವ್ವಂಗೆ ಬೇಕಂತೆ."

ತಾತ ತೊಡೆಯ ಮೇಲಿದ್ದ ದಪ್ಪ ನೋಟ್‌ಬುಕ್ ಎತ್ತಿ ತೋರಿಸಿದರು. ಅದು ಅವರು ದಿನಾ ಬೆಳಿಗ್ಗೆ ರಾಮನಾಮ ಬರೆಯುವ ಪುಸ್ತಕ. ರಟ್ಟಿನ ಮೇಲೆ ಮಂಗಟ್ಟೆ ಹಕ್ಕಿ ಉದ್ದ ಕೊಕ್ಕು ಚಾಚಿ ಕುಳಿತಿತ್ತು.

"ಪ್ರತಿ ಸಲ ಬಿಚ್ಚಿಹೋಗ್ತಿತ್ತು ಅಂತ ಈ ಸಾರಿ ಮೈದಾ ಅಂಟು ಕಾಯಿಸಿ ಹಾಕ್ಬಿಟ್ಟೆ ಕಣಮ್ಮ. ಒಂದು ಇಂಚೂ ಬಿಡದ ಹಾಗೆ ಬಳಿದಿದೀನಿ."

ಉಮಾ ಉಗುರಿನಿಂದ ಮೂಲೆ ಎಬ್ಬಿಸಲು ನೋಡಿದಳು. ನವೆಂಬರ್ ಅಲುಗಾಡಲಿಲ್ಲ. ಅವಳ ಮುಖ ಸಣ್ಣದಾಯಿತು.

"ಅದರಲ್ಲಿ ಏನು ಬರ್ದಿತ್ತು?"

"ನಮ್ಮ ರಾಜ್ಯ ಒಂದಾಗಿದ್ದು."

"ಐವತ್ತಾರನೇ ಇಸವಿದಾ? ನಾನಾಗ ಹೈಸ್ಕೂಲು!" ತಾತ ಹುರುಪಿನಿಂದ ನೆಟ್ಟಗೆ ಕುಳಿತರು. "ಅದರ ಮುಂದಿನ ವರ್ಷ ನಮ್ಮ ಕ್ಲಾಸಿಗೆ ನಿಮ್ಮ ಕಡೆಯ ಹುಡುಗ ಒಬ್ಬ ಬಂದ. ಹನಮಂತ ಅಂತ. ಅವರಪ್ಪಂಗೆ ಇಲ್ಲಿಗೆ ವರ್ಗ ಆಗಿತ್ತು. ಅವನು ಬಾಯಿ ಬಿಟ್ರೆ ಸಾಕು, ನಾವೆಲ್ಲ ಕಿಸಕಿಸ. ಈಗ ಇವನು ಕಿಸಿದನಲ್ಲ, ಹಾಗೇ."

ಆಶ್ರಿತ್ ಬಾಯಿ ಮುಚ್ಚಿದ.

"ಅವನು ಅತ್ನಾ ತಾತ?" ಉಮಾ ಕೇಳಿದಳು.

"ಅಳೋದೇ? ನಮ್ಮ ಮಾತಿಗೆ ಅವನು ಬಿದ್ದು ಬಿದ್ದು ನಗೋನು! 'ಹೋಗ್ಬೇಕು, ಹಾಕ್ಬಿಟ್ಟೆ ಅಂತ ಅರ್ಧರ್ಧ ಮಾತು ನುಂಗ್ತೀರಲ್ಲ, ಅಷ್ಟು ಹಸಿವೇನ್ರೋ?' ಅನ್ನೋನು."

ಉಮಾಗೆ ನಗು ತಡೆಯಲಾಗಲಿಲ್ಲ. ಅದರ ಹಿಂದೆಯೇ ಒಂದು ಪ್ರಶ್ನೆ ಗಂಟಲಿಗೆ ಬಂತು. ಆದರೆ ಆಶ್ರಿತ್ ಅವಳನ್ನೇ ನೋಡುತ್ತಿದ್ದ. ಪ್ರಶ್ನೆಯನ್ನು ನುಂಗಿಕೊಂಡಳು.

ಅಪ್ಪ ಹಾಳೆಗಳ ಮೇಲೆ ತೆಳು ಬಟ್ಟೆ ಹಾಸಿ ಇಸ್ತ್ರಿ ಮಾಡಿದ. ಹಕ್ಕಿಗಳ ಮೈಮೇಲಿನ ಮಡಿಕೆ ಅರ್ಧ ಹೋಯಿತು, ಅರ್ಧ ಉಳಿಯಿತು. ಅವ್ವ ಏಪ್ರಿಲ್ ಹಾಳೆಯ ಹಿಂದೆ ಹೊಸದಾಗಿ ನವೆಂಬರ್ ಬರೆದಳು. ಕೆಳಗೆ ಚೌಕ ಎಳೆದು ಪೆನ್ನು ಕಚ್ಚುತ್ತಾ ಕುಳಿತಳು.

"ಇಲ್ಲಿ ಮೊದಲು ಏನ್ ಬರದಿದ್ದಿ?" ಉಮಾ ಕೇಳಿದಳು.

"ಏನೂ ಇಲ್ಲ. ಇದೊಂದಕ್ಕ ಪ್ರಶ್ನೆ ಸಿಕ್ಕಿದ್ದಿಲ್ಲ" ಎಂದು ಅವ್ವ ಉಮಾಳ ಮುಖ ನೋಡಿದಳು. ಆಮೇಲೆ ಪೆನ್ನಿನ ಕ್ಯಾಪ್ ಹಾಕಿದಳು.

ಸೋಮವಾರ ಎರಡನೇ ಪೀರಿಯಡ್‌ಗೆ ಹೆಡ್ ಮಿಸ್ ಪಾರ್ವತಮ್ಮ ನಾಲ್ಕನೇ ಕ್ಲಾಸಿಗೆ ಬಂದೇಬಿಟ್ಟರು. ಕಂಕುಳಲ್ಲಿ ಹಕ್ಕಿಗಳ ಸುರುಳಿ. ಹಿಂದೆ ಅವ್ವ.

"ಪ್ಲ್ಯಾನ್ ನೋಡಿದೆ. ಎಲ್ಲಾ ತಿಂಗಳೂ ಇಸ್ತ್ರಿ ಹಾಕಿದ ಹಾಗಿದೆಯಲ್ರೀ!" ಎಂದರು. ಒಂದು ಹಾಳೆ ಎಳೆದರು. "ಇದೇನು, ಏಪ್ರಿಲ್ ಬೆನ್ನಿಗೆ ನವೆಂಬರ್? ಇದನ್ನೇ ಒಂದು ಹತ್ತು ನಿಮಿಷ ಪಾಠ ಮಾಡಿ, ನೋಡೋಣ." ಹಾಳೆ ಹಿಡಿದುಕೊಂಡು ಕೊನೆಯ ಬೆಂಚಿನಲ್ಲಿ ಕುಳಿತರು.

ಅವ್ವ ಬೋರ್ಡಿನ ಮೇಲೆ ದೊಡ್ಡದೊಂದು ರೊಟ್ಟಿ ಬರೆದಳು. ಅದನ್ನು ಐದು ತುಂಡು ಮಾಡಿದಳು. "ಮಕ್ಕಳೇ, ಕನ್ನಡ ಮಾತನಾಡುವ ಜನ ಮೊದಲು ಹೀಗೆ ಹಂಚಿಹೋಗಿದ್ದರು. ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು."

ಪುಸ್ತಕ ಓದಿದಂತಿತ್ತು ಅವ್ವನ ಮಾತು. ಒಂದೊಂದು ಅಕ್ಷರವನ್ನೂ ಹೆದರಿ ಹೆದರಿ ಇಡುತ್ತಿದ್ದಳು. ಎರಡನೇ ಬೆಂಚಿನಲ್ಲಿ ಉಮಾ ಬೆರಳು ಹೆಣೆದು ಕುಳಿತಿದ್ದಳು. ದೇವರೇ, ತಪ್ಪದಿರಲಿ. ಒಂದೇ ಒಂದು ಮಾತೂ ತಪ್ಪದಿರಲಿ.

"ಬೆಂಗಳೂರು ಈ ತುಂಡಿನಲ್ಲಿತ್ತು. ನಮ್ಮ ಗದಗ ಈ ತುಂಡಿನ್ಯಾಗ ಇತ್ತು..."

ಹಿಂದೆ ಯಾರೋ ಕಿಸಕ್ಕೆಂದರು. ಇನ್ನೊಬ್ಬರು. ಮತ್ತೊಬ್ಬರು.

ಬೋರ್ಡಿನ ಮೇಲೆ ಟಕ್ ಟಕ್ ಎನ್ನುತ್ತಿದ್ದ ಚಾಕ್‌ಪೀಸಿನ ಸದ್ದು ನಿಂತುಹೋಯಿತು. ಅವ್ವನ ಕಿವಿ ಕೆಂಪಾದವು.

"ನಗೋದು ಸಾಕು" ಎಂದರು ಪಾರ್ವತಮ್ಮ. "ವಿಜಯಲಕ್ಷ್ಮಿ ಮಿಸ್, ಬಾಕಿ ಎಲ್ಲಾ ಹಾಳೆಯಲ್ಲೂ ಮಕ್ಕಳ ಪ್ರಶ್ನೆ ಇದೆ. ಇದರಲ್ಲಿ ಮಾತ್ರ ಖಾಲಿ ಬಿಟ್ಟಿದೀರಲ್ಲ?" ಅವರು ಕ್ಲಾಸಿನ ಕಡೆ ತಿರುಗಿದರು. "ಎಲ್ಲಿ, ನೀವೇ ಹೇಳಿ. ಯಾರಿಗಾದ್ರೂ ಏನಾದ್ರೂ ಕೇಳಬೇಕು ಅನ್ನಿಸಿದ್ಯಾ? ಒಬ್ಬರಿಗೂ ಇಲ್ವಾ?"

ಒಂದು ಕೈಯೂ ಮೇಲೇಳಲಿಲ್ಲ. ಪಾರ್ವತಮ್ಮ ಹಾಳೆ ಸುತ್ತತೊಡಗಿದರು.

ಅವ್ವ ಯಾರನ್ನೂ ನೋಡಲಿಲ್ಲ. ಉಮಾಳನ್ನಂತೂ ನೋಡಲೇ ಇಲ್ಲ. ಕೈಯಲ್ಲಿದ್ದ ಚಾಕ್‌ಪೀಸನ್ನೇ ತಿರುಗಿಸುತ್ತಿದ್ದಳು. ಬೆರಳಿಗೆಲ್ಲ ಬಿಳಿ ಪುಡಿ. ಥೇಟ್ ಜೋಳದ ಹಿಟ್ಟಿನ ಹಾಗೆ.

ಉಮಾ ಎದ್ದು ನಿಂತಳು.

ಬೆಂಗಳೂರಿನ ಮಾತಿನಲ್ಲಿ ಕೇಳೋಣ ಎಂದುಕೊಂಡಳು. ಆದರೆ ತಾತನ ಎದುರು ನುಂಗಿಕೊಂಡಿದ್ದ ಆ ಪ್ರಶ್ನೆ ಹುಟ್ಟಿದ್ದು ಆ ಮಾತಿನಲ್ಲಿ ಅಲ್ಲ. ಮನೆಯಲ್ಲಿ, ನೀರು ಹಿಡಿಯುವಾಗ ಕೇಳುತ್ತಿದ್ದಳಲ್ಲ, ಹಾಗೆಯೇ ಅದು ಹೊರಗೆ ಬಂತು. ಕೊನೆಯ ಬೆಂಚಿಗೂ ಕೇಳುವಷ್ಟು ಜೋರಾಗಿ ಬಂತು.

"ಮಿಸ್, ಐದೂ ತುಂಡು ಕೂಡಿ ಒಂದ ರೊಟ್ಟಿ ಆದ ಮ್ಯಾಲೆ, ಯಾರ ಮಾತಿಗೆ ಯಾರು ನಗಬೇಕು ಅಂತ ಯಾರು ಹೇಳಿದ್ರೀ?"