ಮಾಯವ್ವ ಕೆತ್ತಿದ ಕ್ಯಾಮೆರಾ ಹಿಡಿಕೆ

"ಅಯ್ಯಯ್ಯೋ, ಹಿಡೀರಿ! ಹಿಡೀರಿ ಅದನ್ನ!"

ಗೋಕಾಕದ ಗೊಂಬೆ ಅಂಗಡಿಯ ಕಟ್ಟೆಯ ಮೇಲೆ ನಿಂತು ಕೂಗಿದವನು ಒಬ್ಬ ತರುಣ. ಅವನ ಕೈಯಿಂದ ಜಾರಿದ್ದು ಕರಿ ಬಣ್ಣದ ಪುಟ್ಟ ಪೆಟ್ಟಿಗೆ. ಕೆಳಗೆ ಕುಳಿತು ಮರದ ಸೀತಾಫಲಕ್ಕೆ ಬಣ್ಣ ಬಳಿಯುತ್ತಿದ್ದ ಮಾಯವ್ವ ಯೋಚನೆ ಮಾಡಲಿಲ್ಲ. ಕುಂಚ ಬಿಸಾಡಿ ಸೆರಗು ಚಾಚಿದಳು.

ಧೊಪ್ಪನೆ ಬಂದು ಬಿತ್ತು!

ಅವಳು ಅದನ್ನು ತಿರುಗಿಸಿ ನೋಡಿದಳು. ಮುಂದೆ ಗಾಜಿನ ಕಣ್ಣು, ಮೇಲೆ ಎರಡು ತಿರುಗಣೆ. ಅಂಗೈ ತುಂಬುವಷ್ಟೇ ಇತ್ತು.

"ಏನ್ರಿ ಇದು?"

"ಕ್ಯಾಮೆರಾ ರಿ. ಫೋಟೋ ತೆಗಿಯೂದು." ಅವನು ಕಟ್ಟೆಯಿಂದ ಧುಮುಕಿ ಬಂದ. "ಒಡದಿದ್ರ ನನ್ನ ಜಲ್ಮಾನ ಒಡೀತಿತ್ತು."

"ಇಷ್ಟ ಸಣ್ಣದಾ? ಫೋಟೋದವ್ರು ಮೂರ ಕಾಲಿನ ದೊಡ್ಡ ಪೆಟ್ಟಿಗಿ ತರ್ತಾರಲ್ಲ, ಕರೀ ಅರಬಿ ಹೊದ್ದಕೊಂಡು!"

"ಅದರಾಗ ಓಡೋ ಮನಶಾನ ಫೋಟೋ ತೆಗ್ಯಾಕ ಆಗೂದಿಲ್ರಿ. ಇದರಾಗ ಆಕ್ಕೈತಿ."

ಅಷ್ಟು ಹೇಳಿ ಅವನು ಬಲಗೈಯನ್ನು ಅಂಗಿಯ ಜೇಬಿಗೆ ತುರುಕಿಕೊಂಡ. ಮಾಯವ್ವನ ಕಣ್ಣು ತಪ್ಪಿಸಲು ಆಗುತ್ತದೆಯೇ? ಹದಿನಾಲ್ಕು ವರ್ಷದಿಂದ ಮರ ನೋಡಿ ಪಳಗಿದ ಕಣ್ಣು ಅದು. ಆ ಕೈಯಲ್ಲಿ ಕಿರುಬೆರಳೂ ಇರಲಿಲ್ಲ, ಅದರ ಬಾಜೂದ ಬೆರಳೂ ಇರಲಿಲ್ಲ.

ಅವನ ಹೆಸರು ಅಣ್ಣಪ್ಪ, ಊರು ಹುಕ್ಕೇರಿ. ಎಂಟು ವರ್ಷದವನಿದ್ದಾಗ ಕಬ್ಬಿನ ಗಾಣಕ್ಕೆ ಕೈ ಸಿಕ್ಕಿತ್ತು. ಊರಲ್ಲಿ ಎಲ್ಲರೂ 'ಪಾಪ' ಎಂದರು, ಯಾರೂ ಕೆಲಸ ಕೊಡಲಿಲ್ಲ. ಇವನು ಹಟದಿಂದ ಫೋಟೋ ಕಲಿತ. ಈಗ ಬೆಳಗಾವಿಯ ಒಂದು ವಾರಪತ್ರಿಕೆಯವರು ಒಂದು ಮಾತು ಹೇಳಿದ್ದರು: ಬರುವ ಶನಿವಾರ ಮೂಡಲಗಿಯಲ್ಲಿ ದೊಡ್ಡ ಕುಸ್ತಿ. ಪೈಲ್ವಾನ ಗಾಳಿಯಲ್ಲಿರುವ ಒಂದೇ ಒಂದು ಫೋಟೋ ತಂದುಕೊಡು, ಕೆಲಸ ನಿನ್ನದು.

"ಎಡಗೈಲೆ ಗಾಜಿನ ಸುತ್ತಿನ ಬಳಿ ತಿರವಬೇಕು. ಬಲಗೈದಾಗ ತೋರಬೆರಳು ಗುಂಡಿ ಒತ್ತಾಕ ಬೇಕು. ಉಳದದ್ದು ಎರಡ ಬೆರಳು... ಜಾರತೈತ್ರಿ. ಕೈ ನಡಗತೈತಿ. ಹತ್ತ ಫೋಟೋದಾಗ ಒಂಬತ್ತು ಹೊಗಿ ಹಂಗ ಬರ್ತಾವ. ನೀವು ಕಟಗಿ ಕೆಲಸದವ್ರು, ಇದಕ್ಕೊಂದು ಹಿಡಿಕಿ ಮಾಡಿಕೊಡ್ತೀರೇನು ಅಂತ ಕೇಳಾಕ ಬಂದೇನಿ."

ಒಳಗಿನಿಂದ ಮಾಯವ್ವನ ಅಪ್ಪ ವೀರಪ್ಪ ಬಂದ. ಜ್ವರ ಬಂದು ಹೋದ ಮೇಲೆ ಅವನ ಕೈಯಲ್ಲಿ ಉಳಿ ನಿಲ್ಲುತ್ತಿರಲಿಲ್ಲ. ಕೆತ್ತುವುದೆಲ್ಲ ಈಗ ಮಗಳೇ.

"ನಾವು ಗೊಂಬಿ ಮಾಡೋರು ತಮ್ಮಾ. ಇದು ನಮ್ಮ ಕೆಲಸ ಅಲ್ಲ" ಎಂದ ವೀರಪ್ಪ.

"ನಾ ಮಾಡ್ತೇನಿ" ಎಂದಳು ಮಾಯವ್ವ!

ಅಪ್ಪ ತಿರುಗಿ ನೋಡಿದ. ಅಜ್ಜಿ ಯಮನವ್ವ ಎಲೆ ಅಡಿಕೆ ಅಗಿಯುವುದನ್ನೇ ನಿಲ್ಲಿಸಿದಳು. ಅಣ್ಣಪ್ಪನ ಮುಖ ಮಾತ್ರ ಅರಳಿತು. ಇವಳು ಆ ಮುಖವನ್ನೇ ನೋಡುತ್ತ ಉಳಿದಳು. ಅಯ್ಯ, ಯಾರೋ ಏನೋ, ನನಗ್ಯಾಕ ಹಿಂಗ...?

"ಕೈ ಹೊರಗ ತಗೀರಿ" ಎಂದಳು, ಸ್ವಲ್ಪ ಗಡುಸಾಗಿಯೇ.

"ನೋಡಾಕ ಚಂದಿಲ್ರಿ..."

"ಚಂದ ಯಾರಿಗೆ ಬೇಕಾಗೈತಿ? ಎರಡ ಬೆರಳ ಕಡಿಮಿ ಅದಾವು. ಅಷ್ಟು ಕಟಗಿ ಜಾಸ್ತಿ ಹಾಕೂದು, ಮುಗೀತು!"

ಅಣ್ಣಪ್ಪ ದಂಗಾದ. ಹದಿನೇಳು ವರ್ಷದಲ್ಲಿ ಆ ಕೈಯನ್ನು ನೋಡಿ 'ಪಾಪ' ಎನ್ನದವಳು ಇವಳೊಬ್ಬಳೇ. ಮೆಲ್ಲಗೆ ಕೈ ಚಾಚಿದ.

ಹುಣಸೆ ಬೀಜದ ಅಂಟಿಗೆ ಮರದ ಹೊಟ್ಟು ಕಲಸಿದ ಮುದ್ದೆ ಆ ಮನೆಯಲ್ಲಿ ಯಾವಾಗಲೂ ಇರುತ್ತದೆ, ಗೊಂಬೆಯ ಬಿರುಕು ಮುಚ್ಚಲು. ಒಂದು ಹಿಡಿ ಮುದ್ದೆಯನ್ನು ಮಾಯವ್ವ ಕ್ಯಾಮೆರಾದ ಬಲಬದಿಗೆ ಬಟ್ಟೆ ಸುತ್ತಿ ಅಂಟಿಸಿದಳು.

"ಒತ್ತಿ ಹಿಡೀರಿ. ಇನ್ನಷ್ಟು... ಹೆದರಬ್ಯಾಡ್ರಿ."

ಅವನ ಬೆರಳ ಮೇಲೆ ತನ್ನ ಬೆರಳಿಟ್ಟು ಒತ್ತಿದಳು. ಇಬ್ಬರೂ ಕೈ ತೆಗೆಯಲಿಲ್ಲ. ನಾನು ಸುಳ್ಳು ಹೇಳುವುದಿಲ್ಲ, ಅಷ್ಟು ಹೊತ್ತು ಒತ್ತುವ ಅಗತ್ಯವೇ ಇರಲಿಲ್ಲ!

"ಸಾಕ ಬಿಡ್ರಿ, ಮುದ್ದಿ ಒಣಗಿ ಹೋತು" ಎಂದಳು ಯಮನವ್ವಜ್ಜಿ.

ಇಬ್ಬರೂ ಥಟ್ಟನೆ ಕೈ ಹಿಂದೆಗೆದುಕೊಂಡರು.

ಎರಡು ದಿನ ಮಾಯವ್ವನಿಗೆ ಅನ್ನ ನೀರು ಬೇಕಾಗಲಿಲ್ಲ. ಮುದ್ದೆಯ ಅಚ್ಚು ನೋಡಿ ಕೆತ್ತಿದಳು. ಅವನು ಬಿಟ್ಟುಹೋಗಿದ್ದ ಕ್ಯಾಮೆರಾದ ಅಡಿಯಲ್ಲಿದ್ದ ತೂತಿಗೆ ಕಮ್ಮಾರನಿಂದ ತಿರುಪು ಮಾಡಿಸಿ ಕೂರಿಸಿದಳು. ಆಮೇಲೆ ಮನಸ್ಸು ತಡೆಯಲಿಲ್ಲ. ಬಿಳಿ ಮಣ್ಣು ಬಳಿದಳು, ಮಾವಿನ ಹಣ್ಣಿನ ಬಣ್ಣ ಕೊಟ್ಟಳು, ಕೆಂಪು ತೊಟ್ಟು, ಎರಡು ಹಸಿರು ಎಲೆ. ಹೊಳೆಯುವ ಹಾಗೆ ತಿಕ್ಕಿದಳು. ತನ್ನ ಪ್ರೀತಿಯನ್ನೆಲ್ಲ ಅದರ ಮೇಲೆ ಬಳಿದುಬಿಟ್ಟಳು, ಪಾಪ, ಆ ಹುಡುಗಿ.

ಬುಧವಾರ ಅಣ್ಣಪ್ಪ ಬಂದು ನೋಡಿ ಬೆರಗಾದ. "ಇಷ್ಟ ಚಂದದ್ದು ಹಿಡ್ಯಾಕ ಮನಸ ಬರವೊಲ್ದು!" ಎಂದ. ಗೋಕಾಕ ಫಾಲ್ಸಿಗೆ ಹೋಗಿ ಪರೀಕ್ಷೆ ಮಾಡುತ್ತೇನೆ ಎಂದು ಹೊರಟ. ಬಾಗಿಲಲ್ಲಿ ತಿರುಗಿ ನಕ್ಕ. ಆ ನಗೆ ಸಾಕಾಯಿತು, ಮಾಯವ್ವನಿಗೆ ರಾತ್ರಿಯಿಡೀ ನಿದ್ದೆ ಇಲ್ಲ.

ಮರುದಿನ ಅವಳು ಹೊಳೆಯಿಂದ ಬಂದಾಗ ವೀರಪ್ಪ ಮುಖ ಸಿಂಡರಿಸಿಕೊಂಡು ಕುಳಿತಿದ್ದ.

"ಬಂದಿತ್ತು ನಿನ್ನ ಹುಕ್ಕೇರಿ ಗಿರಾಕಿ. ಮೂಡಲಗಿ ಮೋಟಾರ್ ಹೊಂಟೈತಿ ಅಂತ ಇದನ್ನ ಕೈಯಾಗಿಟ್ಟು ಓಡಿದಾ. ಮಾಯವ್ವಗ ತೋರಸ್ರಿ ಅಂದಾ. ನೋಡು, ಕಣ್ಣ ತುಂಬ ನೋಡು!"

ಹಿಡಿಕೆ...! ಅದರ ಬಣ್ಣವನ್ನು ಚಾಕುವಿನಿಂದ ಕೆರೆದು ಹಾಕಿದ್ದರು.

ಓದುಗರೇ, ಗೊಂಬೆ ಮಾಡುವ ಮನೆಯ ರೀತಿ ನಿಮಗೆ ಹೇಳಬೇಕು. ಕೆಟ್ಟ ಗೊಂಬೆಯನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹಳಿಯುವುದಿಲ್ಲ. ಹಿರಿಯರು ಅದರ ಬಣ್ಣ ಕೆರೆದು ಮಾಡಿದವರ ಮುಂದೆ ಇಡುತ್ತಾರೆ. ಇದು ಒಲೆಗೆ ಯೋಗ್ಯ ಎಂದು ಅರ್ಥ. ಅದಕ್ಕಿಂತ ದೊಡ್ಡ ಅವಮಾನ ಆ ಮನೆಯಲ್ಲಿ ಇಲ್ಲ.

ಒಲ್ಲೆ ಅಂತ ಬಾಯಿಲೆ ಹೇಳಬೇಕಿತ್ತು! ಎದುರಿಗೆ ನಿಂತು ಹೇಳಬೇಕಿತ್ತು! ನಕ್ಕದ್ದೆಲ್ಲ ಸುಳ್ಳಾ...?

ಕಣ್ಣೀರು ಧಾರೆ ಕಟ್ಟಿತು. ಹಿಡಿಕೆಯನ್ನು ಒಲೆಯ ಬಳಿಯ ಬುಟ್ಟಿಗೆ ಎಸೆದು ಗೋಡೆಗೆ ಮುಖ ಮಾಡಿ ಕುಳಿತಳು.

"ಸಾಕಿನ್ನ, ಹುಕ್ಕೇರಿ ಹೆಸರ ಎತ್ತಬ್ಯಾಡ್ರಿ ನನ್ನ ಮುಂದ!"

ಯಮನವ್ವಜ್ಜಿ ಒಲೆಯ ಬಳಿಗೆ ಹೋದಳು. ಬುಟ್ಟಿಯಿಂದ ಅದನ್ನು ಎತ್ತಿಕೊಂಡಳು. ಕಣ್ಣು ಮಂಜು, ಆದ್ದರಿಂದ ಬೆರಳಿನಿಂದ ಸವರಿ ಸವರಿ ನೋಡಿದಳು.

"ಮಾಯಾ, ಇಲ್ಲಿ ಬಾ."

"ನಾ ಬರೂದಿಲ್ಲ."

"ಬಾರ ಹುಚ್ಚಿ! ಇಡೀ ಬಣ್ಣ ಕೆರದಾನೇನು? ಎಲಿ ಹಂಗ ಅದಾವು, ತೊಟ್ಟೂ ಐತಿ. ಹೆಬ್ಬೆರಳ ಕುಂದ್ರೂ ಜಾಗಾ ಕೆರದಾನ. ನಡುವಿನ ಬೆರಳಿಂದು ಕೆರದಾನ. ಇಲ್ಲಿ ಅಂಗೈದು. ಒಲ್ಲದಾಂವ ಇಷ್ಟ ನಾಜೂಕಲೆ ಕೆರೀತಾನೇನ?"

ಮಾಯವ್ವ ಎದ್ದು ಬಂದು ನೋಡಿದಳು. ಹೌದು! ಕೆರೆದದ್ದು ಮೂರೇ ಕಡೆ. ಬೆರಳಿಲ್ಲದ ಜಾಗದಲ್ಲಿ ಇದ್ದಿಲಿನಿಂದ ಒಂದು ದುಂಡನೆಯ ಗುರುತು. ಅಂಚಿನಲ್ಲಿ ಹಳದಿ ಬಣ್ಣ ಕರಗಿ ಇಳಿದಿತ್ತು.

ಆಗ ಅವಳಿಗೆ ಹೊಳೆಯಿತು. ಫಾಲ್ಸಿನ ತುಂತುರು, ಕೈಯ ಬೆವರು... ಬಣ್ಣ ಕರಗಿ ಹಿಡಿಕೆ ಜಾರಿದೆ. ಬರಿ ಮರ ಕೈಗೆ ಹತ್ತಿದೆ. ಕೆರೆದದ್ದು ಬೇಡ ಎಂದಲ್ಲ, ಬಣ್ಣವಿಲ್ಲದೆ ಹೀಗೆ ಬೇಕು, ಗುರುತಿದ್ದಲ್ಲಿ ತಗ್ಗು ಬೇಕು ಎಂದು! ಹುಕ್ಕೇರಿಯವನಿಗೆ ಈ ಮನೆಯ ರೀತಿ ಹೇಗೆ ಗೊತ್ತಿರಬೇಕು?

"ಅಜ್ಜೀ, ತಪ್ಪು ನಂದ! ನಮ್ಮ ಗೊಂಬಿ ಗೂಡಿನ್ಯಾಗ ಕುಂದ್ರತಾವು. ಬೆವತ ಕೈಯಾಗ ಯಾರೂ ಹಿಡ್ಯೂದಿಲ್ಲ. ನಾ ನೋಡೂದ್ಕ ಮಾಡಿದ್ನಿ, ಹಿಡ್ಯಾಕ ಮಾಡಲಿಲ್ಲ."

"ಅಳೂದ ಬಿಟ್ಟು ಉಳಿ ತಗೋ. ನಾಡದ ಕುಸ್ತಿ."

ಶುಕ್ರವಾರ ಸೂರ್ಯ ಇಳಿಯುವಷ್ಟರಲ್ಲಿ ಮೂರು ಹಿಡಿಕೆ ಸಿದ್ಧವಾದವು. ಒಂದಕ್ಕೂ ಬಣ್ಣವಿಲ್ಲ. ವೀರಪ್ಪ ಬಂದು ನೋಡಿದ. ಮರ ಉಜ್ಜುವ ತನ್ನ ಹಳೆಯ ಅರವನ್ನು ಮಗಳ ಪಕ್ಕ ಇಟ್ಟು ಹೋದ.

ಶನಿವಾರ ಅಜ್ಜಿ ಮೊಮ್ಮಗಳು ಮೊದಲ ಮೋಟಾರ್ ಹತ್ತಿ ಮೂಡಲಗಿಗೆ ಬಂದರು. ಕುಸ್ತಿ ಕಣದ ಹೊರಗೆ ಬೇವಿನ ಮರದ ಕೆಳಗೆ ಅಣ್ಣಪ್ಪ ಕುಳಿತಿದ್ದ. ಕ್ಯಾಮೆರಾವನ್ನು ಟವಲ್ಲಿನಿಂದ ಕೈಗೆ ಬಿಗಿದುಕೊಳ್ಳಲು ಹೆಣಗುತ್ತಿದ್ದ. ಮುಖ ಬಾಡಿಹೋಗಿತ್ತು.

"ಮಾಯವ್ವಾ! ನೀವು... ಇಲ್ಲಿ?"

"ಬಣ್ಣ ಯಾಕ ಕೆರದ್ರಿ?" ಮೊದಲು ಅದನ್ನೇ ಕೇಳಿದಳು. ಮನಸ್ಸು ತಡೆಯಬೇಕಲ್ಲ!

"ಇಡೀ ಕೆರ್ಯಾಕ ಮನಸ ಬರಲಿಲ್ರಿ. ನೀವ ಬರದ ಎಲಿ... ಬೇಕಂತ ಬಿಟ್ಟೆ."

ಅವಳ ಎದೆಯ ಮೇಲಿನ ಕಲ್ಲು ಇಳಿಯಿತು. ಸಂಚಿಯಿಂದ ಮೂರು ಹಿಡಿಕೆ ತೆಗೆದು ಸಾಲಾಗಿ ಇಟ್ಟಳು, ಒಂದನ್ನು ಕ್ಯಾಮೆರಾಕ್ಕೆ ಕೂರಿಸಿ ಕೊಟ್ಟಳು.

"ಕಣ್ಣ ಮುಚ್ಚರಿ. ಚಂದ ನೋಡಬ್ಯಾಡ್ರಿ, ಕೈಯಿಗೆ ಬಿಡ್ರಿ. ಕಣ್ಣಿನ ಮಟ ಎತ್ತಿ ಹಿಡೀರಿ, ನಾ ಇಪ್ಪತ್ತ ಎಣಸ್ತೇನಿ."

ಮೊದಲನೆಯದು ದುಂಡಗೆ, ನುಣುಪಾಗಿತ್ತು. ಹಿಡಿದ ಕೂಡಲೇ ಹಿತವೆನಿಸಿತು. ಹನ್ನೆರಡಕ್ಕೆ ಮೆಲ್ಲಗೆ ತಿರುಗತೊಡಗಿತು. ಎರಡನೆಯದು ಚಪ್ಪಟೆ. ತಿರುಗಲಿಲ್ಲ, ಆದರೆ ಹದಿನೈದಕ್ಕೆ ಮಣಿಕಟ್ಟು ನೋಯಿತು.

ಮೂರನೆಯದು ನೋಡಲು ಬಹಳ ಅವಲಕ್ಷಣ! ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು, ಉಳಿಯ ಗೆರೆ ಹಾಗೆಯೇ ಉಳಿದಿತ್ತು. ಇದ್ದಿಲಿನ ಗುರುತಿದ್ದಲ್ಲಿ ಅಂಗೈಯ ಬೆರಳಿಲ್ಲದ ಅಂಚು ಕೂರಲು ಒಂದು ಗೂಡು ಮಾಡಿದ್ದಳು.

"...ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು."

ಅಣ್ಣಪ್ಪ ಕೈ ಇಳಿಸಲಿಲ್ಲ. ಅವಳು ಮೂವತ್ತು ಎಣಿಸಿದಳು, ನಲವತ್ತು ಎಣಿಸಿದಳು. ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಲಿಲ್ಲ. ಅವನ ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಮಾಯವ್ವಾ... ನಂಗ ಐದೂ ಬೆರಳ ಬಂದಂಗ ಆಗೇತಿ!"

"ಅಳಬ್ಯಾಡ್ರಿ, ಗಾಜು ಹಸಿ ಆಕ್ಕೈತಿ" ಎಂದಳು, ತಾನೂ ಅಳುತ್ತಾ.

"ಇಬ್ಬರೂ ಇಲ್ಲೇ ಅಳಕೋತ ಕುಂದ್ರತೀರೇನ, ಕುಸ್ತಿ ಮುಗಿಯೂತನಾ?" ಯಮನವ್ವಜ್ಜಿ ಗದರಿದಳು. ಅಣ್ಣಪ್ಪ ಓಡಿದ.

ಹೆಂಗಸರು ಕುಸ್ತಿ ಕಣದೊಳಗೆ ಹೋಗುವಂತಿರಲಿಲ್ಲ. ಮಾಯವ್ವ ಬೇವಿನ ಮರಕ್ಕೆ ಆತು ನಿಂತಳು. ಹಲಗೆ ವಾದ್ಯದ ಸದ್ದು ಕೇಳಿದಳು. ಕೌಜಲಗಿಯ ಬಂದಗಿಸಾಬನಿಗೂ ಅಂಕಲಗಿಯ ಪೈಲ್ವಾನನಿಗೂ ಕುಸ್ತಿ ಬಿದ್ದಿದೆ ಎಂದು ಯಾರೋ ಕೂಗಿದರು. ಸಾವಿರ ಜನ ಒಮ್ಮೆಲೇ ಸುಮ್ಮನಾದರು.

ಹಿಡೀರಿ... ಗಟ್ಟಿ ಹಿಡೀರಿ... ಅವಳು ತನ್ನ ಮುಷ್ಟಿಯನ್ನು ತಾನೇ ಬಿಗಿದುಕೊಂಡಿದ್ದಳು.

"ಹೋ...!"

ಕಣವೇ ಎದ್ದು ಕುಣಿಯಿತು. ಯಾರು ಗೆದ್ದರು? ಅವಳಿಗೆ ಬೇಕಿರಲಿಲ್ಲ. ಜನರ ನಡುವೆ ತೂರಿಕೊಂಡು, ಮೈತುಂಬ ಕೆಂಪು ಮಣ್ಣು ಮಾಡಿಕೊಂಡು ಅಣ್ಣಪ್ಪ ಓಡಿ ಬರುತ್ತಿದ್ದ. ಕ್ಯಾಮೆರಾ ಹಿಡಿದ ಬಲಗೈಯನ್ನು ಎತ್ತಿ ಹಿಡಿದಿದ್ದ, ಇಡೀ ಮೂಡಲಗಿ ನೋಡಲಿ ಎನ್ನುವ ಹಾಗೆ!

"ಸಿಕ್ತು ಮಾಯವ್ವಾ! ಕೈ ನಡಗಲಿಲ್ಲ! ಒಂದ ಸಲಾನೂ ನಡಗಲಿಲ್ಲ!"

ಮುಂದಿನ ಗುರುವಾರ ಗೋಕಾಕದ ಅಂಗಡಿಯ ಮುಂದೆ ಚಕ್ಕಡಿ ನಿಂತಿತು. ಇಳಿದವರು ಅಣ್ಣಪ್ಪ ಮತ್ತು ಅವನ ತಾಯಿ ಉದ್ದವ್ವ. ಅವನ ಕೈಯಲ್ಲಿ ಬೆಳಗಾವಿಯ ಪತ್ರಿಕೆ. ಮೊದಲ ಪುಟದ ತುಂಬ ಫೋಟೋ: ಅಂಕಲಗಿಯ ಪೈಲ್ವಾನ ನೆಲ ಬಿಟ್ಟು ಗಾಳಿಯಲ್ಲಿ, ಬಂದಗಿಸಾಬನ ಭುಜದ ಪ್ರತಿ ನರವೂ ಎದ್ದು ಕಾಣುತ್ತಿತ್ತು, ಸಿಡಿದ ಮಣ್ಣಿನ ಒಂದೊಂದು ಕಣವೂ ಸ್ಪಷ್ಟ.

ಕೆಳಗೆ ದೊಡ್ಡ ಅಕ್ಷರದಲ್ಲಿ ಅವನ ಹೆಸರು. ನೌಕರಿಯ ಕಾಗದವೂ ಬಂದಿತ್ತು. ವೀರಪ್ಪ ಪುಟವನ್ನು ಎರಡು ಸಲ ಓದಿ, ಬಾಜೂದ ಅಂಗಡಿಯವನನ್ನು ಕೂಗಿ ಕರೆದು ತೋರಿಸಿದ. ಉದ್ದವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ವೀರಪ್ಪಣ್ಣಾ, ಊರಾಗ ಎಲ್ಲಾರೂ ನನ್ನ ಮಗನ ಕೈಯಾಗ ಏನಿಲ್ಲಾ ಅನ್ನೂದ ನೋಡಿದ್ರು. ನಿಮ್ಮ ಮಗಳು ಏನೈತಿ ಅನ್ನೂದ ನೋಡ್ಯಾಳ. ಅದಕ್ಕ ನಾವು..."

"ನನಗ ಒಪ್ಪಿಗಿ ಐತಿ!"

ಎಲ್ಲರೂ ತಿರುಗಿ ನೋಡಿದರು. ಬಾಗಿಲಲ್ಲಿ ಮಾಯವ್ವ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು, ಕಿವಿಯವರೆಗೂ ಕೆಂಪಾದಳು, ಆದರೆ ಒಳಗೆ ಓಡಿಹೋಗಲಿಲ್ಲ. ಯಮನವ್ವಜ್ಜಿ ನಕ್ಕ ನಗೆಗೆ ಬಾಯೊಳಗಿನ ಎಲೆ ಅಡಿಕೆ ಹೊರಗೆ ಬಂತು. ಹಿರಿಯರು ಚಹಾದ ನೆಪ ಮಾಡಿ ಒಳಗೆ ಸರಿದರು.

ಅಣ್ಣಪ್ಪ ಹತ್ತಿರ ಬಂದ. ಬಲಗೈ ಜೇಬಿನಲ್ಲಿ ಇರಲಿಲ್ಲ.

"ನಾ ಇನ್ನೂ ಕೇಳೇ ಇಲ್ಲಲ್ಲ ಮಾಯಾ?"

"ನೀವು ಕೇಳೂತನಾ ಕುಂತ್ರ ನಾ ಮುದಕಿ ಆಗ್ತೇನಿ."

"ಹಂಗಾರ ಈಗ ಕೇಳ್ತೇನಿ. ಹಗಲೂ ಇರಳೂ ನಿನ್ನ ಬಿಟ್ಟು ಬ್ಯಾರೆ ಏನೂ ನೆನಪ ಆಗವೊಲ್ದು. ಬರ್ತೀಯೇನ ನನ್ನ ಕೂಡ?"

"ಬರ್ತೇನಿ. ಆದ್ರ ಉಳಿ ಬಿಟ್ಟು ಬರೂದಿಲ್ಲ."

"ಉಳಿ ಪೆಟ್ಟಿಗಿ ನಾನ ಹೊತಗೊಂಡ ಬರ್ತೇನಿ!"

"ಭಾರ ಐತ್ರಿ ಅದು..."

"ಇರಲಿ ಬಿಡ. ಈ ಕೈ ಈಗ ಜಾರೂದಿಲ್ಲ."