ಸೀತಾಳೆ ದಂಡೆ ಇದ್ದ ಮೊಳೆ

೧೯೮೩ರ ಏಪ್ರಿಲ್ ನಾಲ್ಕರ ಬೆಳಿಗ್ಗೆ ಮುಂಬಯಿ ಹತ್ತಿರದ ಡೊಂಬಿವಲಿ ಠಾಣೆಗೆ ಬಂದ ದೂರು ಕೇಳಿ ಕಾನ್‌ಸ್ಟೆಬಲ್ ರಾಯಪ್ಪನಿಗೆ ನಗು ತಡೆಯಲಾಗಲಿಲ್ಲ. ಬ್ಯಾಂಕ್ ನೌಕರ ತಾರಾನಾಥ ರಾಯರು ತಿಂಗಳ ರಜೆಗೆ ಉಡುಪಿಗೆ ಹೋಗಿ ಬರುವಷ್ಟರಲ್ಲಿ ಅವರ ಚಾಳಿನ ಗ್ಯಾಲರಿಯಲ್ಲಿ ಮೊಳೆಗೆ ತೂಗುಹಾಕಿದ್ದ ಕಾಡು ಆರ್ಕಿಡ್ ಗಿಡವೊಂದು ಕಳವಾಗಿತ್ತು. ಮಕ್ಕಳಿಲ್ಲದ ರಾಯರು ಗಿಡಗಳನ್ನೇ ಮಕ್ಕಳಂತೆ ಸಾಕಿದ್ದರು. ಗಡಿನಾಡಿನ ಕನ್ನಡಿಗ ಇನ್‌ಸ್ಪೆಕ್ಟರ್ ಗುರುಪಾದಪ್ಪ ರಾಯಪ್ಪನನ್ನು ಗದರಿಸಿ ಎಫ್‌ಐಆರ್ ಬರೆಸಿದರು.

ರಾಯರ ಗ್ಯಾಲರಿಯಲ್ಲಿ ನಿಂತು ಗುರುಪಾದಪ್ಪ ಕೇಳಿದರು: "ಒಂದ ಗಿಡಾ ಯಾಕ ಒಯ್ದಾನ್ರೀ?"

"ಅದೇ ಗೊತ್ತಾಗುದಿಲ್ಲ ಸಾರ್. ಹೋದದ್ದು ವಾಂಡಾ, ಕಂದು ಹೂವಿನದ್ದು. ಚಂದದ ಹೂಗೊಂಚಲು ಬಿಡುವ ಸೀತಾಳೆ ದಂಡೆ ಇಲ್ಲೇ ಉಂಟು."

"ಎರಡೂ ಒಂದ ನಮೂನಿ ಕಾಣತಾವಲ್ಲ?"

"ಹೂ ಇಲ್ಲದಾಗ ಹಾಗೇ. ಎಲೆಯ ತುದಿ ನೋಡ್ಬೇಕು. ಸೀತಾಳೆ ದಂಡೆಯದ್ದು ಓರೆಯಾಗಿ ಎರಡು ಸೀಳು. ವಾಂಡಾಕ್ಕೆ ಮೂರು ಚೂಪು ಹಲ್ಲು."

"ಈ ಖಾಲಿ ಮೊಳಿಗೆ ಮೊದಲ ಯಾವುದಿತ್ತು?"

"ಸೀತಾಳೆ ದಂಡೆ. ಬಿಸಿಲು ಜಾಸ್ತಿ ಅಂತ ಊರಿಗೆ ಹೋಗುವಾಗ ಅದಲು ಬದಲು ಮಾಡಿದೆ."

ಗುರುಪಾದಪ್ಪ ಮೊಳೆಯ ಕೆಳಗೆ ನಿಂತು ಎದುರು ನೋಡಿದರು. ಅಂಗಳದಾಚೆ ಒಂದೇ ಕಿಟಕಿ ಇತ್ತ ತೆರೆದಿತ್ತು. ಕಳ್ಳನಿಗೆ ಜಾಗ ಗೊತ್ತಿತ್ತು, ಎಲೆ ಗೊತ್ತಿರಲಿಲ್ಲ.

ಅದು ಹೋಟೆಲಿನಲ್ಲಿ ಅಡುಗೆ ಮಾಡುವ ಶಂಭುವಿನ ಖೋಲಿ. ಅವನ ಹೆಂಡತಿ ಜಯಲತಾ ಹಿಂದಿನ ವಾರವಷ್ಟೇ ತೀರಿಕೊಂಡಿದ್ದಳು. ಖಾಲಿ ಮಂಚದ ತಲೆದಿಸೆಯಲ್ಲಿ ಗಿಡ ತೂಗುತ್ತಿತ್ತು. ಆಗಷ್ಟೇ ನೀರು ಚಿಮುಕಿಸಿದ್ದ.

"ನೀನ ತಂದಿ?"

"ಹೌದು ಸಾಹೇಬ್ರೆ."

"ಯಾಕ?"

"ಹೋದ ವರ್ಷ ಮಲಗಿದಲ್ಲಿಂದಲೇ ಆ ಹೂ ನೋಡಿದ್ಳು. ನಮ್ಮ ಮದುವೆಯಲ್ಲಿ ಜಡೆಗೆ ಮುಡಿದದ್ದು. ಇನ್ನೊಮ್ಮೆ ಮುಡಿಬೇಕು ಅಂದ್ಳು. ರಾಯರು ಊರಲ್ಲಿದ್ರು. ಕಾಯುವಷ್ಟು ದಿನ ಅವಳಿಗೆ ಇರ್ಲಿಲ್ಲ. ಮೇ ತಿಂಗಳಲ್ಲಿ ಹೂ ಬಿಟ್ರೆ ಅವಳ ಫೋಟೋಕ್ಕೆ ಹಾಕಿ ಗಿಡ ವಾಪಸ್ ಕೊಡ್ತಿದ್ದೆ."

ಪಂಚನಾಮೆಗೆ ಪಂಚಸಾಕ್ಷಿಗಳ ಎದುರು ಗುರುತು ಹೇಳಲೇಬೇಕು. ರಾಯರು ಎಲೆ ಹಿಡಿದು ತುದಿ ನೋಡಿದರು. "ಮೂರು ಹಲ್ಲು. ವಾಂಡಾ. ನನ್ನದೇ."

"ಸೀತಾಳೆ ದಂಡೆ ಅಲ್ವಾ?" ಶಂಭು ಕೇಳಿದ.

"ಅಲ್ಲ ಮಾರಾಯ." ರಾಯರು ಇನ್‌ಸ್ಪೆಕ್ಟರರ ಕಡೆ ತಿರುಗಿದರು. "ನನಗೆ ಕೇಸು ಬೇಡ ಸಾರ್."

"ಎಫ್‌ಐಆರ್ ಆಗೇತ್ರಿ. ಇನ್ನ ಕೋರ್ಟಿನ್ಯಾಗ ಹೇಳ್ರಿ," ಎಂದರು ಗುರುಪಾದಪ್ಪ. ಹೇಳುವಾಗ ತಮ್ಮ ಖಾಕಿಯ ಮೇಲೇ ಅವರಿಗೆ ಬೇಸರವಾಯಿತು.

ಸಂಜೆ ನಾಲ್ಕಕ್ಕೆ ಬಂಧನ ದಾಖಲಾಯಿತು. ಅಲ್ಲಿಯವರೆಗೆ ಅಳದಿದ್ದ ಶಂಭು ಜೀಪಿನಲ್ಲಿ ಕುಳಿತ ಮೇಲೆ ಬಿಕ್ಕಿದ.

"ತಂದ ದಿನ ಎಲೆಯ ತುದಿಯನ್ನು ಸವರಿ ಸವರಿ ನೋಡಿದ್ಳು ಸಾಹೇಬ್ರೆ. ಮತ್ತೆ ನನ್ನ ಮುಖ ನೋಡಿ, ಇದೇ ಅಂದ್ಳು. ಗುಡ್ಡೆಯಲ್ಲಿ ಹೂ ಕೊಯ್ದು ಬೆಳೆದವಳು. ಅವಳಿಗೆ ಎಲೆ ಗೊತ್ತಿಲ್ಲದೆ ಇರ್ತದಾ?"