ಮಣೆಯಿಲ್ಲದ ಲಟ್ಟಣಿಗೆ

ಮಂಗಳವಾರ ಬೆಳಿಗ್ಗೆ 9.40ಕ್ಕೆ ತಾಯಿಯೊಬ್ಬಳು ಠಾಣೆಗೆ ಬಂದು ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಪುಟ್ಟ ಡಬ್ಬಿಯೊಂದನ್ನು ಇಟ್ಟಳು. ಮುಚ್ಚಳದ ಮೇಲೆ ‘ಮಕ್ಕಳ ಕ್ರೀಮ್. ಮನೆಯಲ್ಲೇ ಮಾಡಿದ್ದು, ಕೆಮಿಕಲ್ ಇಲ್ಲ’ ಎಂಬ ಕೈಬರಹ. ಅವಳ ಒಂದೂವರೆ ವರ್ಷದ ಮಗಳು ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿದ್ದಳು.

“ಎಷ್ಟು ದಿನದಿಂದ ಹಚ್ತಿದ್ರಿ?”

“ಎಂಟು ತಿಂಗಳು ಸಾರ್. ಇಸುಬು ವಾರಕ್ಕೇ ಹೋಯ್ತು. ಆಮೇಲೆ ಮುಖ ಊದ್ತು. ಗುಂಡುಗುಂಡಗಿದ್ದಾಳೆ ಅಂತ ಎಲ್ಲರೂ ಮುದ್ದಾಡಿದ್ರು. ನಾನೂ ಹಿಗ್ಗಿದೆ, ಪಾಪಿ.”

“ಡಾಕ್ಟರ್ ಏನೂ ಕೊಟ್ಟಿರಲಿಲ್ವಾ?”

“ಟ್ಯೂಬ್ ಕೊಟ್ಟಿದ್ರು. ಸ್ಟೀರಾಯ್ಡ್ ಅಂದ್ರು. ಹೆದರಿ ಬಿಸಾಕ್ದೆ.”

10.30ಕ್ಕೆ ಎಫ್‌ಐಆರ್ ದಾಖಲಾಯಿತು. ಗುರುವಾರ ಪ್ರಯೋಗಾಲಯದ ವರದಿ ಬಂತು. ಡಬ್ಬಿಯಲ್ಲಿದ್ದದ್ದೂ ಸ್ಟೀರಾಯ್ಡೇ. ಅದೂ ಡಾಕ್ಟರ್ ಬರೆದದ್ದಕ್ಕಿಂತ ಹತ್ತಾರು ಪಟ್ಟು ಪ್ರಬಲ, ಎಳೆಮಕ್ಕಳಿಗೆ ಮುಟ್ಟಿಸಲೇಬಾರದ್ದು.

ಶುಕ್ರವಾರ ಮಧ್ಯಾಹ್ನ 2.15ಕ್ಕೆ ಕ್ರೀಮ್ ಮಾಡುವವಳ ಮನೆಯ ಶೋಧ. ಹಿಂದೆ ಮಕ್ಕಳ ವಾರ್ಡಿನಲ್ಲಿ ಆಯಾ ಆಗಿದ್ದ ಆಕೆಯನ್ನು ಬೀದಿಯವರೆಲ್ಲ ‘ಡಬ್ಬಿ ಅಕ್ಕ’ ಎನ್ನುತ್ತಿದ್ದರು. ಅಡುಗೆಮನೆ ಕನ್ನಡಿಯಷ್ಟು ಚೊಕ್ಕಟ. ಎಣ್ಣೆ, ಜೇನುಮೇಣ, ಮಾರಾಟಕ್ಕೆ ಸಿದ್ಧವಿದ್ದ ಡಬ್ಬಿಗಳು. ಪಂಚನಾಮೆಗೆ ಬರೆಯಲು ಬೇರೇನೂ ಇರಲಿಲ್ಲ. ಮಹಿಳಾ ಹೆಡ್ ಕಾನ್‌ಸ್ಟೇಬಲ್ ಲಟ್ಟಣಿಗೆಯೊಂದನ್ನು ಎತ್ತಿಕೊಂಡಳು.

“ಅಕ್ಕಾ, ಲಟ್ಟಣಿಗೆ ಇದೆ. ಮಣೆ ಎಲ್ಲಿ?”

ಹೆಡ್ ಕಾನ್‌ಸ್ಟೇಬಲ್ ಲಟ್ಟಣಿಗೆಯನ್ನು ಮೂಗಿನ ಹತ್ತಿರ ಹಿಡಿದಳು. ಮೂಸಿದರೆ ಹಿಟ್ಟಿನ ವಾಸನೆಯಲ್ಲ, ಮುಲಾಮಿನ ವಾಸನೆ. ಹಿತ್ತಲ ಗೋಣಿಚೀಲದಲ್ಲಿ ಸ್ಟೀರಾಯ್ಡ್ ಮುಲಾಮಿನ ಖಾಲಿ ಟ್ಯೂಬುಗಳು ಸಿಕ್ಕವು. ಒಂದೊಂದನ್ನೂ ಲಟ್ಟಿಸಿ, ಕೊನೆಯ ಹನಿಯವರೆಗೂ ಹಿಂಡಿದ್ದಳು.

“ಯಾಕಮ್ಮಾ ಹೀಗ್ ಮಾಡ್ದೆ?” ಇನ್‌ಸ್ಪೆಕ್ಟರ್ ಕೇಳಿದರು.

“ಎರಡು ವರ್ಷ ಬರೀ ಎಣ್ಣೆ, ಮೇಣ ಕೊಟ್ಟೆ ಸಾರ್. ಮಕ್ಕಳು ರಕ್ತ ಬರೋ ಹಾಗೆ ಕೆರ್ಕೊಳ್ತಿದ್ವು. ಡಾಕ್ಟರ್ ಕೊಟ್ಟಿದ್ದು ಹಚ್ರೇ ಅಂದ್ರೆ ಈ ತಾಯಂದಿರು ಕೇಳ್ಬೇಕಲ್ಲ! ಅದಕ್ಕೇ ಬೆರೆಸ್ದೆ. ಒಂದೇ ರಾತ್ರಿಗೆ ಮಗು ನಿದ್ದೆ ಮಾಡ್ತು.”

“ಎಷ್ಟು ದಿನ ಹಚ್ಬೇಕು ಅಂತಾನಾದ್ರೂ ಹೇಳಿದ್ಯಾ?”

“ಹೇಳಿದ್ರೆ ಔಷಧಿ ಅಂತ ಗೊತ್ತಾಗ್ಬಿಡ್ತಿತ್ತು.”

4.05ಕ್ಕೆ ಬಂಧನ. ಅದೇ ಹೊತ್ತಿಗೆ ಆಸ್ಪತ್ರೆಯಿಂದ ಫೋನ್: ಮಗು ಇನ್ನೂ ಕಣ್ಣು ಬಿಟ್ಟಿಲ್ಲ. ಮೈ ತಾನೇ ಮಾಡಿಕೊಳ್ಳಬೇಕಾದ ಸ್ಟೀರಾಯ್ಡನ್ನು ಮಾಡುವುದೇ ಮರೆತಿದೆ, ಸಾಮಾನ್ಯ ಜ್ವರವನ್ನೂ ತಾಳುತ್ತಿಲ್ಲ. ನಮ್ಮ ಕೈಲಾದದ್ದು ಮಾಡುತ್ತಿದ್ದೇವೆ ಎಂದರು ಡಾಕ್ಟರ್.

ಠಾಣೆಗೆ ಮರಳಿದಾಗ ಇನ್ನೊಬ್ಬ ತಾಯಿ ಕಾಯುತ್ತಿದ್ದಳು. ಕಂಕುಳಲ್ಲಿದ್ದ ಮಗು ಕೆಂಪಗೆ ಬೆಂದಂತಿದ್ದ ಕುತ್ತಿಗೆಯನ್ನು ಬಿಡದೆ ಕೆರೆಯುತ್ತಿತ್ತು. ಅವಳ ಕಣ್ಣು ಜಪ್ತಿಯಾಗಿ ಬಂದ ಡಬ್ಬಿಗಳ ಮೇಲೇ ಇತ್ತು.

“ನಮ್ದು ಖಾಲಿಯಾಗಿ ನಾಲ್ಕು ದಿನ ಆಯ್ತು ಸಾರ್. ಒಂದೇ ಒಂದು ಕೊಡಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ಅಯ್ಯೋ, ಅದು ಹಚ್ಚೋ ವಸ್ತು ಅಲ್ಲಮ್ಮ! ತಕ್ಷಣ ನಿಲ್ಲಿಸಿದ್ರೂ ಅಪಾಯ. ಜೀಪ್ ಹತ್ತಿ, ಆಸ್ಪತ್ರೆಗೆ ಹೋಗೋಣ. ಡಾಕ್ಟರ್ ಸರಿಯಾದ ಟ್ಯೂಬ್ ಕೊಟ್ಟು ನಿಧಾನಕ್ಕೆ ಬಿಡಿಸ್ತಾರೆ.”

ಅವಳು ಮಗುವನ್ನು ಅವಚಿಕೊಂಡು ಹಿಂದೆ ಸರಿದಳು.

“ಟ್ಯೂಬ್ ಬೇಡ ಸಾರ್. ಅದ್ರಲ್ಲಿ ಕೆಮಿಕಲ್ ಇರತ್ತೆ.”

ಬೆಂಚಿನ ಮೇಲೆ ಕೂತಿದ್ದ ಡಬ್ಬಿ ಅಕ್ಕ ತಲೆಯೆತ್ತಿದಳು.

“ನೋಡಿದ್ರಾ ಸಾರ್?” ಎಂದವಳೇ ಬಿಕ್ಕಿ ಬಿಕ್ಕಿ ಅತ್ತಳು.